ಅತ್ತೆ ಕೈಯಿಟ್ಟ ಡಿಸ್ಕ್

"ಬೇಡ ಕಣೋ, ಅದನ್ನ ಬಿಚ್ಚಬೇಡ" ಎಂದು ಭಾವ ಹೇಳಿದ್ದು ಒಂದು ಸಲವಲ್ಲ, ಮೂರು ಸಲ. ಡಿಸ್ಕನ್ನು ಹಳೇ ಟವಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟವನೂ ಅವನೇ, ಬೇಡ ಎಂದವನೂ ಅವನೇ. ಹೆಂಡತಿಯ ಹಟಕ್ಕೆ ತಂದಿದ್ದ. ಅವನ ತಾಯಿ ಹಾಸಿಗೆ ಹಿಡಿಯುವ ಮುಂಚೆ ಬೀರುವಿನ ಕೀಲಿ ಕದ್ದು, ಆ ಡಿಸ್ಕನ್ನು ಎಲ್ಲಿಗೋ ಒಯ್ದು ಏನೋ ಮಾಡಿಸಿಕೊಂಡು ಬಂದಿದ್ದಳಂತೆ. ಅದರ ಮೇಲೆ ಕೈಯಿಟ್ಟು ಹೇಳಿದ್ದಳಂತೆ: ಇದರೊಳಗಿನ ಮಗುವಿನ ಮುಖ ನೋಡಿದವರ ಕಣ್ಣಲ್ಲಿ ಅವರು ಹೆತ್ತ ಮಗುವಿನ ಮುಖ ನಿಲ್ಲದಿರಲಿ.

ಹೆಂಡತಿಯ ತಮ್ಮ ನಕ್ಕುಬಿಟ್ಟ. "ಭಾವ, ನಿಮ್ಮಮ್ಮನಿಗೆ ಟಿವಿ ರಿಮೋಟು ಯಾವ ಕಡೆಯಿಂದ ಹಿಡೀಬೇಕು ಅಂತಾನೇ ಗೊತ್ತಿರಲಿಲ್ಲ. ಹಾರ್ಡ್ ಡಿಸ್ಕಿಗೆ ಮಾಟ ಮಾಡಿಸಿದ್ರಾ?"

ಭಾವ ನಗಲಿಲ್ಲ. ನಿನಗೂ ಒಬ್ಬಳು ಮಗಳಿದ್ದಾಳೆ, ನೋಡಿಕೋ ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಹತ್ತು ವರ್ಷ ಪ್ರಿಂಟರುಗಳನ್ನು ರಿಪೇರಿ ಮಾಡಿ ಬೇಸತ್ತ ತಮ್ಮ, ಕೆಟ್ಟ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವ ಈ ಅಂಗಡಿಗೆ ಸೇರಿ ಇನ್ನೂ ಮೂರೇ ತಿಂಗಳಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ, ಆಗದು ಎಂದು ಬೇರೆಯವರು ಬಿಟ್ಟ ಡಿಸ್ಕುಗಳೇ ಅವನಿಗೆ ಬೇಕು. ಅದೂ ಅಲ್ಲದೆ ಇದು ಅಕ್ಕನದು.

ಅಕ್ಕನ ಐದು ವರ್ಷದ ಮಗಳು ಜ್ವರದಲ್ಲಿ ಹೋಗಿ ಮೂರು ವರ್ಷ. ಜ್ವರ ಏರಿದ ಮಧ್ಯಾಹ್ನ ಮನೆಯಲ್ಲಿದ್ದವಳು ಅತ್ತೆಯೊಬ್ಬಳೇ. ಮಲಗಲಿ, ತಾನೇ ಇಳಿಯುತ್ತದೆ ಎಂದು ಆಸ್ಪತ್ರೆಗೆ ತಡ ಮಾಡಿದಳು. ಅಕ್ಕ ಅದನ್ನು ಕ್ಷಮಿಸಲಿಲ್ಲ. ಮನೆಯವರ ಫೋನುಗಳಲ್ಲಿದ್ದ ಮಗುವಿನ ಚಿತ್ರಗಳನ್ನೆಲ್ಲ ಒಂದೇ ಡಿಸ್ಕಿಗೆ ಸುರಿದು, ಫೋನುಗಳಿಂದ ಅಳಿಸಿ, ಬೀರುವಿಗೆ ಬೀಗ ಹಾಕಿದಳು. ಒಂದೇ ಒಂದು ಸಲ ತೋರಿಸೇ ಎಂದು ಮುದುಕಿ ಕೈಮುಗಿದರೂ ತೋರಿಸಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಸೊಸೆಯ ಕಾಲ ಹೀಗೆ ಬಂತು. ಮುದುಕಿ ಸತ್ತ ವಾರವೇ ಡಿಸ್ಕ್ ಕೆಟ್ಟಿತು.

ಧೂಳು ಬಾರದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ ಒಳಕೋಣೆಯಲ್ಲಿ ಹಗಲಲ್ಲೂ ಕತ್ತಲೆ. ಮೇಜುದೀಪದ ಕೆಳಗೆ ತಮ್ಮ ಮುಚ್ಚಳ ಬಿಚ್ಚಿದ. ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಡಿಸ್ಕಿನ ಸೀಲು ಅಲ್ಲಿಯವರೆಗೆ ಒಡೆದಿರಲಿಲ್ಲ. ಆದರೂ ಒಳಗೆ, ಕನ್ನಡಿಯಂತೆ ಹೊಳೆಯುವ ತಟ್ಟೆಯ ಮೇಲೆ, ಉದ್ದನೆಯ ಒಂದು ನರೆಗೂದಲು ಸುರುಳಿ ಸುತ್ತಿ ಮಲಗಿತ್ತು. ತಮ್ಮ ಚಿಮಟದಲ್ಲಿ ಕೂದಲನ್ನು ಎತ್ತಿ, ತಲೆ ಬಾಚಿಕೊಳ್ಳೋಕೆ ಬೇರೆ ಕನ್ನಡಿ ಸಿಗಲಿಲ್ವಾ ಅಜ್ಜಿ ಎಂದು ಗೊಣಗಿ ಬುಟ್ಟಿಗೆ ಹಾಕಿದ.

ಓದುವ ಸೂಜಿಯನ್ನು ಬದಲಾಯಿಸಿ ನಾಲ್ಕು ದಿನ ಹೆಣಗಿದ. ಡಿಸ್ಕ್ ಹತ್ತು ನಿಮಿಷ ತಿರುಗುವುದು, ಬಿಸಿಯಾಗುವುದು, ಟಕ್ ಟಕ್ ಎಂದು ಕೆಮ್ಮುವುದು, ನಿಲ್ಲುವುದು. ತಣ್ಣಗಾಗಲು ಬಿಡಬೇಕು, ಮತ್ತೆ ಹಚ್ಚಬೇಕು. ಕಣ್ಣು ಉರಿದು, ಸೊಂಟ ಹಿಡಿದುಕೊಂಡು, ಸಾಕಪ್ಪಾ ಸಾಕು ಅನ್ನಿಸಿತ್ತು. ಅಕ್ಕ ದಿನವೂ ಬಂದು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದಳು. ಆಯಿತಾ ಎಂದು ಕೇಳುತ್ತಿರಲಿಲ್ಲ. ಕೇಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ಮಧ್ಯಾಹ್ನ, ಬೆಟ್ಟ ಅಗೆದು ಇಲಿ ಹಿಡಿದಂತೆ, ನಲವತ್ತು ಸೆಕೆಂಡಿನ ಒಂದು ವಿಡಿಯೊ ಸಿಕ್ಕಿತು. ಸದ್ದು ಸಿಗಲಿಲ್ಲ. ಹಳದಿ ಫ್ರಾಕು ತೊಟ್ಟ ಮಗು ಬಕೆಟ್ಟಿನೊಳಗೆ ಕೂತು ನಗುತ್ತಿತ್ತು. ಅಕ್ಕನದೇ ಗಲ್ಲ, ಮುಂದಿನ ಹಲ್ಲು ಬಿದ್ದ ಅದೇ ಬಾಯಿ. ತಮ್ಮ ಪೂರ್ತಿ ನೋಡಿದ. ಅವನ ಕಣ್ಣು ತುಂಬಿತು. ಅಕ್ಕನನ್ನು ಕರೆದು ತನ್ನ ಕುರ್ಚಿಯಲ್ಲೇ ಕೂರಿಸಿದ.

ಅಷ್ಟರಲ್ಲಿ ಯಾರೋ ಹೊರಬಾಗಿಲು ತಟ್ಟಿದರು. ನೀನು ನೋಡ್ತಿರು ಎಂದು ಹೇಳಿ ಹೋಗಿ ತೆರೆದ. ಸ್ಕೂಲಿನ ಚೀಲ ಹೊತ್ತ ಒಬ್ಬ ಹುಡುಗಿ ನಿಂತಿದ್ದಳು.

"ಯಾರನ್ನ ನೋಡ್ಬೇಕಿತ್ತಮ್ಮಾ?"

ಹುಡುಗಿ ಕಿಸಕ್ಕೆಂದು ನಕ್ಕಳು. "ಅಪ್ಪಾ, ತಮಾಷೆ ಸಾಕು. ಹಸಿವಾಗ್ತಿದೆ."

ಧ್ವನಿ ಮಗಳದು. ಚೀಲವೂ ಮಗಳದೇ, ಅದರ ಜಿಪ್ಪು ಅವನೇ ಕೂರಿಸಿದ್ದು. ಮುಖ ಮಾತ್ರ ಯಾರದೋ. ಕಣ್ಣಿತ್ತು, ಮೂಗಿತ್ತು, ಕಂಡ ಗುರುತಿಲ್ಲ. ನೆಲ ನೋಡಿದ. ಮತ್ತೆ ತಲೆಯೆತ್ತಿದ. ಮತ್ತೆ ಹೊಸ ಮುಖ. ಜೇಬಿನಿಂದ ಫೋನ್ ತೆಗೆದ. ಪರದೆಯ ಮೇಲಿನ ಚಿತ್ರದಲ್ಲಿ ಅವನ ಪಕ್ಕ ಯಾರೋ ಒಂದು ಮಗು. ಭಾವನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ನೋಡಿದವರು ಹೆತ್ತ ಮಗು. ಒಳಗೆ ಅಕ್ಕ. ಅವಳು ಹೆತ್ತ ಮಗು.

ಹುಡುಗಿಯ ಕೈ ಹಿಡಿದುಕೊಂಡೇ ಓಡಿದ. ಕುರ್ಚಿ ಎಡವಿದ. ಸುಟ್ಟ ವಾಸನೆ ಕೋಣೆ ತುಂಬಿತ್ತು. ಡಿಸ್ಕಿನ ವೈರು ಕಿತ್ತ. ಪರದೆಯ ಮೇಲೆ ವಿಡಿಯೊ ಆಗಲೇ ಮುಗಿದು, ಕೊನೆಯ ನಗು ನಿಂತಿತ್ತು.

ಅಕ್ಕ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಇದು ಯಾರದ್ದೋ ಮಗು ಕಣೋ. ಫ್ರಾಕೂ ನಮ್ಮವಳದ್ದರ ಥರಾನೇ ಇದೆ, ಪಾಪ. ನಮ್ಮದು ಸಿಗಲಿಲ್ವಾ?"

ಇದೇ ಅಕ್ಕಾ, ಇವಳೇ ಎಂದು ತಮ್ಮ ಹೇಳಬಹುದಿತ್ತು. ಹಾಗೆಂದರೆ ಅವಳು ಏನಾಗಿಬಿಡುತ್ತಾಳೋ ಎಂದು ಹೆದರಿದ. ಪರದೆ ಆರಿಸಿ, ಸಿಗಲಿಲ್ಲ ಅಕ್ಕಾ, ಬೇರೆ ಯಾರದ್ದೋ ಸೇರಿಕೊಂಡಿದೆ ಎಂದ.

ಅಕ್ಕ ನಿಟ್ಟುಸಿರುಬಿಟ್ಟಳು. ನಾಲ್ಕು ದಿನ ನಿನಗೂ ನಿದ್ದೆ ಕೆಡಿಸಿದೆ ಎಂದು ಅವನ ಕೈ ಸವರಿದಳು. "ಹೋಗ್ಲಿ ಬಿಡು. ಕಣ್ಣು ಮುಚ್ಚಿದ್ರೆ ಎದುರಿಗೇ ಬರ್ತಾಳೆ ನನಗೆ. ಅಷ್ಟು ಸಾಕು."

ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ತಮ್ಮ ಉಸಿರು ಬಿಗಿಹಿಡಿದು ನಿಂತ. ಅವನ ಮುಷ್ಟಿಯೊಳಗೆ ಹುಡುಗಿಯ ಪುಟ್ಟ ಕೈ ಬೆವರುತ್ತಿತ್ತು. ಅಕ್ಕನ ರೆಪ್ಪೆಗಳು ಅತ್ತಿತ್ತ ಅಲುಗಿದವು. ಹುಬ್ಬು ಗಂಟಿಕ್ಕಿತು.

"ಇರು" ಎಂದಳು ಅಕ್ಕ, ಕಣ್ಣು ತೆರೆಯದೆ. "ಒಂದು ನಿಮಿಷ ಇರು."