ಟವೆಲಿನಡಿಯ ಕೆಂಪು ದೀಪ

ನೀಲಾಂಬಿಕೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಯಾರದೋ ಫೋನಿಗೆ ರೀಚಾರ್ಜ್ ಮಾಡುತ್ತಿದ್ದೆ. ಅವಳನ್ನು ನೋಡಿ ನಲವತ್ತು ವರ್ಷವಾಗಿತ್ತು. ತಲೆ ಬೆಳ್ಳಗಾಗಿತ್ತು. ಮಾತಿಗೆ ಮುಂಚೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವುದು ಮಾತ್ರ ಹಾಗೇ ಇತ್ತು.

ಅರಕಲಗೂಡಿನ ಬಸ್‌ಸ್ಟ್ಯಾಂಡ್ ಎದುರು ಆಗ ನನ್ನದು ಕ್ಯಾಸೆಟ್ ಅಂಗಡಿ. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದೆ. ಮಲ್ಲಿಪಟ್ಟಣದಿಂದ ವಾರಕ್ಕೊಮ್ಮೆ ಅವಳ ಚೀಟಿ ಬರುತ್ತಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು; ಅವಳ ಅಕ್ಷರ ಕೂಡಿಸಿ ಓದಲು ಒಂದು ಸಂಜೆಯೇ ಬೇಕಾಗುತ್ತಿತ್ತು. ಬೇಗ ಮುಗಿಯಬಾರದು ಅಂತಲೂ ಇತ್ತು. ಅವಳನ್ನು ಹೊಳೆನರಸೀಪುರಕ್ಕೆ ಕೊಟ್ಟರು. ನಾನು ಮದುವೆಯಾಗಲಿಲ್ಲ.

"ಚೆನ್ನಾಗಿದ್ದೀರಾ ಪುಟ್ರಾಜು?"

"ಇದ್ದೀನಿ. ನೀವು?"

"ಯಜಮಾನ್ರು ತೀರ್ಕೊಂಡ್ಮೇಲೆ ಮಲ್ಲಿಪಟ್ಟಣಕ್ಕೇ ಬಂದ್ಬುಟ್ಟೆ. ಮಗ ನಮ್ಮಪ್ಪನ ಜಮೀನಲ್ಲಿ ಶುಂಠಿ ಹಾಕವ್ನೆ. ಇವಳು ಸೊಸೆ, ರೂಪಶ್ರೀ."

ಸೊಸೆ ಫೋನು ಮುಂದೆ ಹಿಡಿದಳು. "ನೋಡಿ ಅಂಕಲ್, ಅತ್ತೆ ಹಾಡಿದ ಸೋಬಾನೆ. ಯಾವ್ದೋ ಚಾನೆಲ್‌ನೋರು ಹಳೇ ಕ್ಯಾಸೆಟ್‌ನಿಂದ ಎತ್ತಿ ಬೇರೆಯೋರ ಹೆಸರಲ್ಲಿ ಹಾಕವ್ರೆ. ನಾನು ಅತ್ತೆ ಹೆಸರಲ್ಲಿ ಹಾಕಿದ್ರೆ, ಕಾಪಿರೈಟ್ ನಮ್ದು ಅಂತ ತೆಗೆಸಿಬಿಟ್ರು! ಒರಿಜಿನಲ್ ನಿಮ್ಮತ್ರ ಇರ್ಬೋದಾ?"

"ಹಾಡು ಊರೋರೆಲ್ಲಾರ್ದು, ಬುಡು. ಗಂಟಲು ನಂದಲ್ವಾ?" ಅಂದಳು ನೀಲಾಂಬಿಕೆ. "ಯಾವನು ಆ ಕ್ಯಾಸೆಟ್ ಮಾಡಿದ್ನೋ. ಬಸ್ಸಲ್ಲಿ ಕೇಳಿ ಅಪ್ಪ ನನ್ನ ಬಾಯೇ ಮುಚ್ಚಿಸ್ಬುಟ್ರು. ಆಮೇಲೆ ಹಾಡ್ಲೇ ಇಲ್ಲ."

ಒರಿಜಿನಲ್ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಇಲ್ಲ ಅಂದರೆ ಅವಳ ದನಿ ಬೇರೆಯವರ ಪಾಲು. ಇದೆ ಅಂದರೆ ಮಾಡಿದವನು ಯಾರೆಂದು ತಿಳಿಯುತ್ತದೆ. ಬಾಯಲ್ಲಿ ಹೇಳಲಾಗಲಿಲ್ಲ. ಕ್ಯಾಸೆಟ್ ತೆಗೆದು ಹಳೇ ಟೇಪ್‌ರೆಕಾರ್ಡರ್‌ಗೆ ಹಾಕಿ ಒತ್ತಿದೆ.

ಒನಕೆಯ ಪೆಟ್ಟು. ಮದುವೆಮನೆಯಲ್ಲಿ ಅರಿಶಿನ ಕುಟ್ಟುವ ಹೆಂಗಸರ ನಗು. ನಡುವೆ ಹತ್ತೊಂಬತ್ತರ ನೀಲಾಂಬಿಕೆ:

"ಲೇ ಪುಟ್ರಾಜು, ಆಫ್ ಮಾಡ್ಲಾ ಅದ. ಇಲ್ದಿದ್ರೆ ನಾ ಹಾಡಕ್ಕಿಲ್ಲ."

"ಆಫ್ ಆಗೈತೆ ಕಣಮ್ಮಿ, ಹಾಡು."

ಆಗಿರಲಿಲ್ಲ. ಮೈಕ್‌ಸೆಟ್ ಹಾಕಲು ಹೋಗಿದ್ದ ನಾನು ಟೇಪಿನ ಕೆಂಪು ದೀಪದ ಮೇಲೆ ಹೆಗಲ ಟವೆಲು ಹೊದಿಸಿದ್ದೆ. ನನಗೊಬ್ಬನಿಗೇ ಇರಲಿ ಅಂತ. ಆಮೇಲೆ ಗೆಳೆಯನೊಬ್ಬ ಕಾಡಿದ. ಮಾತು ಬಿಟ್ಟು ಹಾಡಷ್ಟನ್ನೇ ಕಾಪಿ ಮಾಡಿಕೊಟ್ಟೆ, ಒಂದೇ ಒಂದು. ತಿಂಗಳೊಳಗೆ ಚನ್ನರಾಯಪಟ್ಟಣದ ಬಸ್ಸಿನಲ್ಲೂ ಅದೇ.

"ಇದು ಪೈರಸಿ ಅಲ್ವಾ ಅಂಕಲ್!"

"ಹೂಂ ಕಣವ್ವ. ಆಗ ಅದರ ಹೆಸರು ಗೊತ್ತಿರ್ಲಿಲ್ಲ. ತಪ್ಪು ಅಂತ ಗೊತ್ತಿತ್ತು."

ಹಾಡು ಮುಗಿಯುವವರೆಗೂ ನೀಲಾಂಬಿಕೆ ತಲೆಯೆತ್ತಲಿಲ್ಲ. ಎತ್ತಿದಾಗ ಕಣ್ಣು ಕೆಂಪಾಗಿತ್ತು.

"ನಲವತ್ತೊರ್ಸ ಯಾವನೋ ಪಾಪಿ ಅಂತ ಬೈದೆ. ನೀನೇನಾ?"

"ನಾನೇ."

"ಬಾಯ್ಬಿಟ್ಟು ಕೇಳಿದ್ರೆ ಹಾಡು ಕೊಡ್ತಿದ್ದೆ. ಮನೆಗೆ ಬಂದು ನನ್ನೂ ಕೇಳ್ಬೋದಿತ್ತು. ಯಾವ್ದೂ ಕೇಳ್ಲಿಲ್ವಲ್ಲೋ. ಯಾವ ಸೀಮೆ ಗಂಡ್ಸು ನೀನು!"

"ಈಗ ಕೇಳ್ತೀನಿ."

"ಯಾವ್ದ?"

"ಎರಡೂ."

ಅವಳು ಓರೆಗಣ್ಣಲ್ಲಿ ನೋಡಿದಳು. ತುಟಿ ಬಿಗಿಹಿಡಿದಿದ್ದಳು, ನಗು ಕೆನ್ನೆಯಲ್ಲಿ ಸಿಕ್ಕಿಬಿತ್ತು.

"ಭಾನುವಾರ ಮನೆಗೆ ಬಾ. ಮಗ ಸೊಸೆ ಇಬ್ರ ಮುಂದೂ ಕೇಳು."

"ಸೊಸೆ ಒಪ್ಪಿಗೆ ಇಲ್ಲೇ ಆಯ್ತು, ಅತ್ತೆ," ಅಂದಳು ರೂಪಶ್ರೀ.

"ನೀ ಸುಮ್ಕಿರೇ. ಬತ್ತೀಯಾ ಇಲ್ವಾ, ಹೇಳ್ಲಾ."

"ಬತ್ತೀನಿ," ಅಂದೆ. ಪಕ್ಕದ ಹೋಟೆಲಿನವನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದೆ.