ತಾಮ್ರದ ಡಬ್ಬಿಯ ಕೆಂಪು ಕಾಯಿ

“ಅಟ್ಟದ ಮೇಲಿರೋ ತಾಮ್ರದ ಡಬ್ಬಿ ಒಂದನ್ನ ಮುಟ್ಟಬೇಡಿ ಮೇಷ್ಟ್ರೇ. ಅದರೊಳಗೆ ಯಾರನ್ನೋ ಕೂರಿಸಿ ಮುಚ್ಚಿದಾರೆ,” ಎಂದಳು ಮನೆಯೊಡತಿ.

“ಹಾಗಾದ್ರೆ ಬಾಡಿಗೆಯಲ್ಲಿ ಅವರ ಪಾಲೂ ಇರಬೇಕಲ್ಲ ಅಜ್ಜಿ,” ಎಂದು ಮೇಷ್ಟ್ರು ನಕ್ಕರು. ಮುದುಕಿ ನಗಲಿಲ್ಲ.

ಲೆಕ್ಕದ ಮೇಷ್ಟ್ರಿಗೆ ಮಾಟ-ಮಂತ್ರವೆಂದರೆ ತಾತ್ಸಾರ. ಅವರ ಹುಚ್ಚೆಲ್ಲ ಮಣೆಯಾಟಗಳದ್ದು. ಹೆಂಡತಿ ಎಸೆಯಹೊರಟ ಮುಲಾಮಿನ ಡಬ್ಬಿ, ಮಾತ್ರೆಯ ಶೀಶೆಗಳನ್ನು ಕಸಿದುಕೊಂಡು, ತೊಳೆದು ಒಣಗಿಸಿ, ಆಟದ ಕಾಯಿಗಳನ್ನು ತುಂಬಿಡುವರು. ಹೊಸ ಮನೆಗೆ ಸಾಮಾನು ಇಳಿಸುವಾಗ ಹಾವು-ಏಣಿ ಆಟದ ಶೀಶೆ ಒಡೆದಿತ್ತು. ತಾಮ್ರದ ಡಬ್ಬಿ ಅಂಗೈಗೆ ಹೇಳಿ ಮಾಡಿಸಿದಂತಿತ್ತು.

ಮುಚ್ಚಳದ ಸುತ್ತಲಿನ ಮೇಣವನ್ನು ಚಾಕುವಿನಿಂದ ಕೆರೆದರು. ಒಳಗೆ ಹಿಡಿ ಬೂದಿ, ಒಂದು ಉಗುರು. ಸುಟ್ಟ ಕೂದಲಿನ ಕಮಟು ಗಂಟಲಿಗೆ ಇಳಿಯಿತು. ಅದನ್ನೆಲ್ಲ ಮೋರಿಗೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿದರು.

ಭಾನುವಾರ ಮಧ್ಯಾಹ್ನ ಮೂವರೂ ಆಡಿದರು. ಅಪ್ಪನದು ಕೆಂಪು ಕಾಯಿ, ಅಮ್ಮನದು ಹಳದಿ, ಮಗಳದು ಹಸಿರು. ಆಟ ಮುಗಿಸಿ ಕಾಯಿಗಳನ್ನು ತಾಮ್ರದ ಡಬ್ಬಿಗೆ ತುಂಬುವಾಗ ಮಗಳು ಮೆಲ್ಲಗೆ ಅಂದಳು, “ಅಪ್ಪಾ, ನಿನ್ನ ಕಾಯಿ ಬಿಸಿ ಇದೆ. ಜ್ವರ ಬಂದ ಹಾಗೆ.”

ಮೇಷ್ಟ್ರು ಮುಚ್ಚಳ ಒತ್ತಿದರು.

ಬೀದಿಯ ಸದ್ದು ಕತ್ತರಿಸಿದಂತೆ ನಿಂತಿತು. ಕಿಟಕಿಯ ಬೆಳಕು ಮಣ್ಣುಬಣ್ಣಕ್ಕೆ ತಿರುಗಿತು. ಹೆಂಡತಿ ಬಾಗಿಲ ಚಿಲಕ ತೆಗೆದು ಎಳೆದಳು. ಬಾಗಿಲು ಅಲುಗಲಿಲ್ಲ. ಮೇಷ್ಟ್ರು ಭುಜ ಕೊಟ್ಟು ಗುದ್ದಿದರು. ಮರದ ಸದ್ದಲ್ಲ, ಲೋಹದ್ದು. ಗೋಡೆ ಮುಟ್ಟಿದರೆ ತಾಮ್ರದ ತಣುಪು. ಉಸಿರೆಳೆದರೆ ಅದೇ ಕಮಟು.

“ರೀ, ಉಸಿರು ಕಟ್ತಿದೆ. ಮಗು ನೋಡಿ.” ಹೆಂಡತಿ ಮಗಳನ್ನು ಎದೆಗೆ ಎತ್ತಿಕೊಂಡಳು.

ಮಗಳ ತುಟಿ ನೀಲಿಗಟ್ಟಿತ್ತು. ಮೇಷ್ಟ್ರು ಡಬ್ಬಿಗೆ ಚಾಕು ಹಾಕಿ ಮೀಟಿದರು. ಮುಚ್ಚಳ ಎದ್ದಿತು. ಹಸಿರು ಕಾಯಿ ಕಿತ್ತರು. ಮಗಳು ಉಸಿರೆಳೆದಳು. ಹಳದಿ ಕಿತ್ತರು. ಬಾಗಿಲು ತಾನೇ ತೆರೆಯಿತು.

“ಓಡಿ.”

ತಾಯಿ ಮಗಳು ಹೊರಗೆ ಬಿದ್ದರು. ಕೆಂಪು ಕಾಯಿ ಮಾತ್ರ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದಿದ್ದರು. ಮೇಷ್ಟ್ರು ಎಳೆದರು. ಅದು ಇನ್ನೂ ಜೋರಾಗಿ ಎಳೆಯಿತು. ಬೆರಳು ಒಳಗೆ ಹೋಯಿತು. ಮಣಿಕಟ್ಟು. ಕತ್ತಲೆ.

ಕಣ್ಣು ಬಿಟ್ಟಾಗ ಸುತ್ತ ದುಂಡನೆಯ ಗೋಡೆ. ತಲೆಯ ಮೇಲೆ, ಬಲು ಎತ್ತರದಲ್ಲಿ, ಮುಚ್ಚಳದ ಸಂದಿಯಿಂದ ಗೆರೆಯಷ್ಟು ಬೆಳಕು. ಅಲ್ಲಿಂದ, ಮನೆಯೊಡತಿಯನ್ನು ಕರೆತಂದ ಹೆಂಡತಿಯ ಅಳು ಕೇಳಿಸಿತು. ಮೇಷ್ಟ್ರು ಅವಳನ್ನು ಕೂಗಿದರು. ಗಂಟಲು ಹರಿಯುವಂತೆ ಕೂಗಿದರು.

“ಅಜ್ಜಿ, ಒಳಗೆ ಇವರದೇ ದನಿ,” ಎಂದಳು ಹೆಂಡತಿ.

“ಅದು ಹಾಗೇ ಕರೆಯೋದು ತಾಯಿ. ಗಂಡನ ದನಿ, ಮಕ್ಕಳ ದನಿ, ಯಾರದಾದ್ರೂ ಸರಿ. ಓಗೊಡಬೇಡ. ಮೊದಲು ಅದನ್ನ ಮುಚ್ಚು, ಆಮೇಲೆ ಮೇಷ್ಟ್ರನ್ನ ಹುಡುಕೋಣ.”

“ನಾನೇ ಕಣೇ. ನಾನೇ ಇರೋದು ಇಲ್ಲಿ.”

ಮೇಲೆ ಹೆಂಡತಿ ಬಿಕ್ಕಿದಳು. ಆಮೇಲೆ ಕಾದ ಮೇಣದ ವಾಸನೆ ಬಂತು. ಬೆಳಕಿನ ಗೆರೆ ಒಂದು ಕಡೆಯಿಂದ ಅಳಿಸುತ್ತಾ ಬಂದು, ಪೂರ್ತಿ ಅಳಿಸಿಹೋಯಿತು.