ನಲವತ್ತು ವರ್ಷ, ಒಂದು ದಿನ ಹೆಚ್ಚಿಲ್ಲ

ಸಾಣೆ ಹಿಡಿಯುವವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲ್ಯಾಬಿನವನು ಆ ಮಡಿಚುವ ಚಾಕುವನ್ನು ಕಿತ್ತುಕೊಂಡ. ಮೆಟ್ಟಿಲ ಕತ್ತಲೆಯಲ್ಲಿ ಕಲ್ಲುಪುಡಿಯ ವಾಸನೆ, ಸಾಣೆಯವನ ಬೆವರಿನ ವಾಸನೆ.

"ಇಟ್ಕೊಳ್ಳಿ ಸಾರ್. ಆದ್ರೆ ಅದಕ್ಕೆ ವಯಸ್ಸು ಮಾತ್ರ ಹೇಳ್ಬೇಡಿ."

"ಯಾಕೆ, ನಾಚ್ಕೊಳ್ಳುತ್ತಾ?"

"ಮಾಟದ್ದು ಸಾರ್. ಇದನ್ನ ಮಾಡಿದವ್ನ ಮುದ್ರೆ ಕದ್ದು ಕಳಪೆ ಚಾಕುಗಳಿಗೆಲ್ಲ ಒತ್ತಿದ್ರಂತೆ. ಕೊನೆಗೆ ಅವನು ಮುದ್ರೆನೇ ಇಲ್ದೆ ಇದೊಂದು ಮಾಡಿ, ಮಂತ್ರ ಹಾಕ್ಸಿ ಸತ್ತ. ಎಷ್ಟು ವರ್ಷ ಅಂತೀರೋ ಅಷ್ಟು ವರ್ಷ ನಿಮ್ಮಿಂದ ಕಿತ್ಕೊಳ್ತದೆ. ಬಿಡಿಸ್ಕೊಳ್ಬೇಕಂದ್ರೆ ನೀವು ಹೇಳಿದ ಜಾಗದಲ್ಲೇ ಇನ್ನೊಬ್ಬ ಬಾಯಿಬಿಟ್ಟು ವರ್ಷ ಹೇಳ್ಬೇಕು. ಆಗ ನಿಮ್ಮನ್ನ ಬಿಟ್ಟು ಅವನನ್ನ ಹಿಡ್ಕೊಳ್ತದೆ."

"ನೀನು ಸಾಣೆ ಹಿಡಿಯೋದ್ರಲ್ಲಿ ಇಷ್ಟು ಚುರುಕಿದ್ದಿದ್ರೆ ಉದ್ಧಾರ ಆಗ್ತಿದ್ದೆ," ಎಂದು ಲ್ಯಾಬಿನವನು ಚಾಕುವನ್ನು ಜೇಬಿಗಿಳಿಸಿ ಮೆಟ್ಟಿಲು ಹತ್ತಿದ.

ಲೋಹ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವನಿಗೆ ಕೆಲಸ, ವಯಸ್ಸು ಮೂವತ್ತೆರಡು. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಹಳೆ ಚಾಕುಗಳ ಗುಂಪಿಗೆ ಬಂದು ಮೂರು ತಿಂಗಳಾಗಿತ್ತು. ಗುಂಪಿನ ಪದ್ಧತಿ ಸರಳ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಚಾಕುವನ್ನು ಯಾರ ಮುಂದೆ ಇಟ್ಟರೋ ಅವನು ಅದರ ವಯಸ್ಸು ಹೇಳಬೇಕು. ಅವನು ವಯಸ್ಸು ಹೇಳದೆ 'ಬೇಡ' ಎಂದರೆ ಆ ಚಾಕು ಮತ್ತೆಂದೂ ಆ ಮೇಜಿಗೆ ಬರುವಂತಿಲ್ಲ. ಲ್ಯಾಬಿನವನ ಕಣ್ಣಿಗೆ ಇವರೆಲ್ಲ ಬರೀ ಮುದ್ದು ಮಾಡುವವರು. ಅಲಗಿನ ಬುಡದ ಮುದ್ರೆ ಓದಲು ಬಾರದು, ಹಿಡಿಯ ಮೊಳೆ ನೋಡಲು ಬಾರದು. ತಮ್ಮ ತಾತನ ಜೇಬಿನಿಂದ ಬಿದ್ದದ್ದೆಲ್ಲ ಇವರಿಗೆ ಅಪರೂಪ.

ಅವರಲ್ಲೆಲ್ಲ ಕಡೆಯವನು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಯಾವ ಚಾಕು ಕೊಟ್ಟರೂ ಮೂಸಿ, ತೆರೆದು, ಕಣ್ಣರಳಿಸಿ, "ನೂರು ವರ್ಷ ಇರ್ಬೇಕಪ್ಪ" ಎನ್ನುತ್ತಿದ್ದ. 'ನೂರ್ವರ್ಷ' ಎಂಬ ಅಡ್ಡಹೆಸರು ಲ್ಯಾಬಿನವನೇ ಇಟ್ಟದ್ದು.

ಅವತ್ತೂ ಹಾಗೇ ಆಯಿತು. ಕಪ್ಪು ಹಿಡಿಯ ಚಾಕುವೊಂದನ್ನು ಮುದುಕ ಮೂಸಿದ. "ನೂರು ವರ್ಷ ಇರ್ಬೇಕಪ್ಪ."

"ಮಾವ, ಇದು ಪ್ಲಾಸ್ಟಿಕ್ಕು. ನಿಮ್ಮ ಮೊಮ್ಮಗಳಿಗಿಂತ ಚಿಕ್ಕದು." ಎಲ್ಲರೂ ನಕ್ಕರು. ಲ್ಯಾಬಿನವನಿಗೆ ಅಷ್ಟು ಸಾಲಲಿಲ್ಲ. "ಗೊತ್ತಿಲ್ದೆ ವರ್ಷ ಹೇಳ್ಬಾರ್ದು. ಸುಮ್ನೆ ಬಾಯ್ಮುಚ್ಕೊಂಡು ಕೂತ್ರೆ ನೀವು ದಡ್ಡರು ಅಂತ ಯಾರಿಗೂ ತಿಳಿಯಲ್ಲ."

ಮುದುಕ ಕರ್ಚೀಫಿನಿಂದ ಆ ಚಾಕುವಿನ ಮೇಲಿನ ತನ್ನ ಬೆರಳ ಗುರುತು ಒರೆಸಿ, ಮಡಿಚಿ, ಮೆಲ್ಲಗೆ ಮುಂದಕ್ಕೆ ತಳ್ಳಿದ.

ಎಲ್ಲರೂ ಚಹಾ ಕುಡಿಯಲು ಕೆಳಗಿಳಿದಾಗ ಲ್ಯಾಬಿನವನು ಒಬ್ಬನೇ ಉಳಿದ. ಜೇಬಿನಿಂದ ಚಾಕು ತೆಗೆದು ಹಸಿರು ಬಟ್ಟೆಯ ಮೇಲಿಟ್ಟ. ಭೂತಗನ್ನಡಿ ಕಣ್ಣಿಗೇರಿಸಿದ. ಅಲಗು ತೆರೆದಾಗ ಸುಟ್ಟ ಕೂದಲಿನ ವಾಸನೆ ಬಂತು. ಬುಡ ಬೋಳು, ಮುದ್ರೆಯಿಲ್ಲ. ಮೊಳೆಗಳು ಹಿತ್ತಾಳೆಯಲ್ಲ, ಉಕ್ಕು. ಸ್ಪ್ರಿಂಗಿನ ಬೆನ್ನ ಮೇಲೆ ಯಂತ್ರ ಎಳೆದ ಗೆರೆ. ಮಾಟವಂತೆ. ಅವನಿಗೆ ನಗು ಬಂತು.

"ನಲವತ್ತು ವರ್ಷ," ಎಂದ ಖಾಲಿ ಕುರ್ಚಿಗಳಿಗೆ. "ಒಂದು ದಿನ ಹೆಚ್ಚಿಲ್ಲ."

ಅಲಗು ತಾನಾಗಿ ಮಡಿಚಿಕೊಂಡಿತು. ಟಕ್.

ಸೋಮವಾರ ಹಾಸಿಗೆಯಿಂದ ಏಳುವಾಗ ಅದೇ ಸದ್ದು ಅವನ ಮೊಣಕಾಲಿನಿಂದ ಬಂತು. ಮಂಗಳವಾರ ಹಲ್ಲುಜ್ಜುವ ಬ್ರಷ್ಷಿಗೆ ಒಂದು ಹಲ್ಲು ಅಂಟಿಕೊಂಡು ಬಂತು. ಬೇಸಿನ್ನಿನಲ್ಲಿ ಬಿದ್ದ ಕೂದಲೆಲ್ಲ ಬಿಳಿ. ಬುಧವಾರ ಲ್ಯಾಬಿನ ಕಾವಲುಗಾರ ಕೈ ಅಡ್ಡ ಹಿಡಿದ. "ಯಾರು ಬೇಕಿತ್ತು ತಾತ?"

ಗುರುವಾರ ಸಂಜೆ ಅವನು ತನ್ನದೇ ಮನೆಯ ಬಾಗಿಲು ತಟ್ಟಿದ. ಅವನ ತಾಯಿಗೆ ಕಣ್ಣು ಮಂಜು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು.

"ಬಂದ್ರಾ? ಯಾಕ್ರೀ ಇಷ್ಟು ತಡ?"

ಅವನ ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು.

"ಹುಡುಗ ಇನ್ನೂ ಬಂದಿಲ್ಲ ರೀ," ಎಂದು ಅವಳು ಬೀದಿಯತ್ತ ಇಣುಕಿದಳು. ಅಮ್ಮಾ ಎನ್ನಲು ಅವನು ಬಾಯಿ ತೆರೆದ. ಹೊರಟದ್ದು ಅಪ್ಪನ ಕೆಮ್ಮು.

ಆ ಮೇಜಿಗೆ ಹೋಗಬೇಕು. ಇನ್ನೊಬ್ಬನಿಂದ ವರ್ಷ ಹೇಳಿಸಬೇಕು. ಉಳಿದವರು ವಾರಗಟ್ಟಲೆ ಪುಸ್ತಕ ತಿರುವಿ, ಆಮೇಲೂ ಅನುಮಾನ ಪಡುವವರು. ಕೇಳಿದ ತಕ್ಷಣ ಹೇಳುವವನು ಒಬ್ಬನೇ. ನೂರು ವರ್ಷ ಕಳಕೊಂಡರೆ ಆ ಮುದುಕನ ಮೈಯಲ್ಲಿ ಏನೂ ಉಳಿಯುವುದಿಲ್ಲವೆಂದು ಲ್ಯಾಬಿನವನಿಗೆ ಗೊತ್ತಿತ್ತು. ದಡ್ಡತನಕ್ಕೂ ಒಂದು ಉಪಯೋಗ ಬಂತಲ್ಲ ಎಂದುಕೊಂಡ.

ಭಾನುವಾರ. ಮೆಟ್ಟಿಲು. ಮತ್ತೊಂದು ಮೆಟ್ಟಿಲು. ಬಗಲಲ್ಲಿ ತನ್ನ ಅರವತ್ತೊಂದು ಚಾಕುಗಳ ಪೆಟ್ಟಿಗೆ. ಎದೆಯಲ್ಲಿ ಟಕ್, ಟಕ್. ಕೋಣೆಯಲ್ಲಿ ಎಣ್ಣೆಯ ವಾಸನೆ. ಎಲ್ಲರೂ ತಿರುಗಿದರು. ಯಾರಿಗೂ ಗುರುತು ಹತ್ತಲಿಲ್ಲ.

"ನಮ್ಮ ಲ್ಯಾಬಿನವ್ರ ತಂದೆ ಇರ್ಬೇಕು," ಎಂದ ಗಡಿಯಾರದ ಅಂಗಡಿಯವನು. "ಮುಖ ಅಚ್ಚು ಹೊಡ್ದಂಗಿದೆ."

ನೂರ್ವರ್ಷನೇ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಯಜಮಾನ್ರೇ. ಮೆಟ್ಲು ಕಡಿದು."

ಅವನು ಕೂರಲಿಲ್ಲ. ಚಾಕುವನ್ನು ಮುದುಕನ ಮುಂದಿಟ್ಟ. "ಎಷ್ಟು ವರ್ಷ?"

ಮುದುಕ ಎತ್ತಿಕೊಂಡ. ಮೂಸಿದ. ತೆರೆದ. ಕಣ್ಣರಳಿತು. ತುಟಿ ಮುಂದೆ ಬಂತು. ಹೇಳು. ಹೇಳು ಮುದುಕ.

ತುಟಿ ಮುಚ್ಚಿಕೊಂಡಿತು.

"ಹೇಳಲ್ಲ ಯಜಮಾನ್ರೇ. ಹೋದ ವಾರ ನಿಮ್ಮ ಮಗನೇ ಎಲ್ರ ಎದುರು ಬುದ್ಧಿ ಹೇಳ್ದ, ಗೊತ್ತಿಲ್ದೆ ವರ್ಷ ಹೇಳ್ಬಾರ್ದು ಅಂತ. ನೋವಾಯ್ತು ನಿಜ. ಆದ್ರೆ ಹುಡುಗ ಹೇಳಿದ್ದು ಸರಿ."

"ಅವನ ಮಾತು ಬಿಡಿ." ಲ್ಯಾಬಿನವನು ಪೆಟ್ಟಿಗೆ ತೆರೆದು ಮುದುಕನತ್ತ ನೂಕಿದ. ಅರವತ್ತೊಂದು ಅಲಗುಗಳು ಮಿನುಗಿದವು. "ಅಷ್ಟೂ ನಿಮಗೆ. ಒಂದು ಸಲ. ಬಾಯಿಗೆ ಬಂದಿದ್ದು ಹೇಳಿ."

ಮುದುಕ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಕರ್ಚೀಫು ತೆಗೆದು ಚಾಕುವಿನ ಮೇಲಿನ ತನ್ನ ಬೆರಳ ಗುರುತು ಒರೆಸಿದ. ಮಡಿಚಿದ. ಟಕ್.

"ಬೇಡ," ಎಂದ.